ಹಳದಿ ಎಲೆಗೆ ಹಾಕಿದ ನೀರು

ಅಕ್ಕ ಮೈಸೂರಿನಿಂದ ಫೋನು ಮಾಡಿ, "ಬೆಳ್ಳುಳ್ಳಿ ಎಲೆ ಹಳದಿ ಆಯ್ತೇನೇ?" ಎಂದು ಕೇಳಿದಾಗ ನಾನು ಇಲ್ಲ ಎಂದೆ. ಆಗಿತ್ತು. ಆ ಒಂದು ಮಾತು ನಿಜ ಹೇಳಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಆಮೇಲೂ ಹೇಳುವುದಕ್ಕೆ ಎರಡು ವರ್ಷ ಸಮಯವಿತ್ತು. ನಾನು ಬಾಯಿ ಬಿಡಲಿಲ್ಲ.

ಚಾಮರಾಜಪೇಟೆಯ ಮನೆಯಲ್ಲಿ ಇರುವುದು ನಾನು ಮತ್ತು ಅಕ್ಕ. ನನ್ನ ಸಂಸಾರ ಮುರಿದಾಗ ಅವಳೇ ಬಂದು ಕರೆದುಕೊಂಡು ಬಂದಳು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಬೇರೆ ಏನು ಬರುತ್ತದೆ? ಮುಂದಿನ ರೂಮಿನಲ್ಲಿ ಮಿಷನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಆಚೆ ಎರಡು ಮಂಚ ಹಾಕುವಷ್ಟು ಮಣ್ಣು ಉಳಿದಿದೆ. ಅದು ಅಕ್ಕನದು.

ಅಲ್ಲಿ ಅವಳು ಬೆಳೆಯುತ್ತಿದ್ದದ್ದು ಅಮ್ಮನ ಬೆಳ್ಳುಳ್ಳಿ. ಅಮ್ಮ ತನ್ನ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ತಳಿ. ಎಸಳು ಸಣ್ಣ, ಸಿಪ್ಪೆ ಬಿಗಿ, ಘಾಟು ಜಾಸ್ತಿ. ದೀಪಾವಳಿ ಕಳೆದ ಮೇಲೆ ಅಕ್ಕ ಗೆಡ್ಡೆ ಬಿಡಿಸಿ ಒಂದೊಂದೇ ಎಸಳನ್ನು ಚೂಪು ಮೇಲಾಗಿ ಊರುತ್ತಿದ್ದಳು. ಶಿವರಾತ್ರಿಯ ಆಸುಪಾಸಿನಲ್ಲಿ ಕೀಳುತ್ತಿದ್ದಳು. ಚೆನ್ನಾಗಿರುವುದನ್ನು ಮೊದಲು ಬೀಜಕ್ಕೆ ತೆಗೆದಿಟ್ಟು, ಉಳಿದದ್ದು ಅಡುಗೆಗೆ. ಅಮ್ಮ ಸತ್ತ ಮೇಲೂ ಒಂದು ವರ್ಷವೂ ತಪ್ಪಿರಲಿಲ್ಲ.

ಅಕ್ಕನ ಕೈಗುಣ ನಮ್ಮ ಬೀದಿಗೆಲ್ಲ ಗೊತ್ತು. ಯಾರು ಸಸಿ ತಂದರೂ ಅವಳಿಂದಲೇ ನೆಡಿಸುತ್ತಿದ್ದರು. ಅವಳೂ ಕರೆದ ಕಡೆ ಸೆರಗು ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ಬದುಕಿನಲ್ಲಿ ಅವಳು ತನ್ನದೆಂದು ಹೆಮ್ಮೆಪಟ್ಟದ್ದು ಅದೊಂದಕ್ಕೇ.

ಆ ವರ್ಷ ಅವಳ ಮಗಳು ಬಸುರಿ. ಹಾಸಿಗೆ ಬಿಟ್ಟು ಏಳಬಾರದು ಎಂದು ಡಾಕ್ಟರು ಹೇಳಿದ್ದರಿಂದ ಸಂಕ್ರಾಂತಿ ಮುಗಿಸಿ ಅಕ್ಕ ಮೈಸೂರಿಗೆ ಹೊರಟಳು. ತಿಂಗಳು ತುಂಬುವ ಹೊತ್ತಿಗೆ ಮಗಳನ್ನು ಇಲ್ಲಿಗೇ ಕರೆತಂದು ಬಾಣಂತನ ಮಾಡುವುದೆಂದು ಮಾತಾಗಿತ್ತು. ಬಾಣಂತಿಗೆ ಹಾಲು ಬರಲಿ ಎಂದು ನಮ್ಮಲ್ಲಿ ದಿನವೂ ಬೆಳ್ಳುಳ್ಳಿ ಸುಟ್ಟು ಕೊಡುತ್ತಾರೆ. ಅಕ್ಕನ ಬಾಣಂತನವೂ ಅಮ್ಮನ ಬೆಳ್ಳುಳ್ಳಿಯಲ್ಲೇ ಆದದ್ದು. ಮಗಳಿಗೂ ಅದೇ ಆಗಬೇಕು ಎಂದು ಆ ಸಲ ಎರಡು ಸಾಲು ಹೆಚ್ಚಿಗೆ ಊರಿದ್ದಳು.

"ಕೆಳಗಿನ ಎಲೆ ಹಳದಿ ತಿರುಗಿದ ತಕ್ಷಣ ನೀರು ನಿಲ್ಲಿಸ್ಬಿಡು. ಒಂದು ಚೊಂಬೂ ಹಾಕ್ಬೇಡ. ಹದಿನೈದು ದಿನ ಬಿಟ್ಟು ಕಿತ್ತು ನೆರಳಲ್ಲಿ ಒಣಗ್ಸು. ತೊಳೀಬೇಡ ಮತ್ತೆ" ಎಂದಳು ಹೊರಡುವಾಗ.

"ಎಷ್ಟು ಸಲ ಹೇಳ್ತೀಯ ಅಕ್ಕ, ಗೊತ್ತಾಯ್ತು."

"ನಿಂಗೆ ಹತ್ತು ಸಲ ಹೇಳಿದ್ರೆ ಹನ್ನೊಂದನೇ ಸಲ ಕೇಳಿಸುತ್ತೆ, ಅದಕ್ಕೇ."

ಮದುವೆಗಳ ಕಾಲ. ಒಂದೇ ಮನೆಯಿಂದ ಹದಿನಾಲ್ಕು ಬ್ಲೌಸು ಬಂದಿದ್ದವು. ಹನ್ನೆರಡು ದಿನ ನಾನು ಹಿತ್ತಿಲಿಗೆ ನೀರು ತೋರಿಸಲಿಲ್ಲ. ಬಟ್ಟೆ ಒಣಹಾಕಲು ಹೋದವಳು ನೋಡುತ್ತೇನೆ, ಕೆಳಗಿನ ಎಲೆಗಳೆಲ್ಲ ಹಳದಿ. ಅದು ಗೆಡ್ಡೆ ಬಲಿತು ಬಂದ ಬಣ್ಣ. ನನಗೆ ಹಾಗನ್ನಿಸಲಿಲ್ಲ. ನೀರಿಲ್ಲದೆ ನಾನೇ ಒಣಗಿಸಿದೆ ಎಂದುಕೊಂಡೆ. ಅವತ್ತು ಸಂಜೆಯೇ ಅಕ್ಕನ ಫೋನು ಬಂತು. ಹಳದಿ ಎಂದರೆ ನೀರು ಹಾಕದಿದ್ದದ್ದು ತಿಳಿದುಹೋಗುತ್ತದೆಂದು ಹೆದರಿ, "ಇಲ್ಲಕ್ಕ, ಇನ್ನೂ ಹಸಿರು" ಎಂದುಬಿಟ್ಟೆ.

ಹೇಳಿದ ಸುಳ್ಳನ್ನು ನಿಜ ಮಾಡಬೇಕಿತ್ತು. ಬೆಳಿಗ್ಗೆ ಎರಡು ಬಕೆಟ್ಟು, ಸಂಜೆ ಎರಡು ಬಕೆಟ್ಟು ಸುರಿದೆ. ಎಲೆ ಹಸಿರಾಗಲಿಲ್ಲ, ಮಲಗಿಕೊಂಡಿತು. ಮೂರು ವಾರ ಕಳೆದು ಕಿತ್ತು ನೋಡಿದರೆ ಸಿಪ್ಪೆ ಕರಗಿಹೋಗಿತ್ತು, ಎಸಳು ಬಾಯಿಬಿಟ್ಟಿದ್ದವು, ಒತ್ತಿದರೆ ನೀರು. ಆ ವಾಸನೆ ಸೋಪು ಹಾಕಿ ಉಜ್ಜಿದರೂ ಬೆರಳಿನಿಂದ ಹೋಗಲಿಲ್ಲ. ಬೀಜಕ್ಕೆ ಉಳಿಸಲು ಒಂದೇ ಒಂದು ಗೆಡ್ಡೆಯೂ ಸಿಗಲಿಲ್ಲ. ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ ಬೆಳಿಗ್ಗೆ ಬರುವ ಕಸದ ಆಟೋಗೆ ಹಾಕಿದೆ.

ಅಕ್ಕ ಬರುವುದಕ್ಕೆ ನಾಲ್ಕು ದಿನವಿತ್ತು. ಮಾರ್ಕೆಟ್ಟಿಗೆ ಹೋದೆ. ನಾಟಿ ಬೆಳ್ಳುಳ್ಳಿ ಎಲ್ಲೂ ಸಿಗಲಿಲ್ಲ. ಒಬ್ಬನ ರಾಶಿಯಲ್ಲಿ ಕೂತು ಚಿಕ್ಕಚಿಕ್ಕದನ್ನೇ ಆರಿಸತೊಡಗಿದೆ.

"ಎಲ್ರೂ ದಪ್ಪದ್ದಕ್ಕೆ ಜಗಳ ಆಡ್ತಾರೆ, ನೀವೇನಮ್ಮ ಪುಟಾಣಿ ಆರಿಸ್ತಿದೀರ? ಬೊಂಬೆ ಮದ್ವೆನಾ?" ಎಂದ ಅಂಗಡಿಯವನು.

"ನೆಟ್ಟರೆ ಬರುತ್ತಾ ಇದು?"

"ಊಟಿ ಮಾಲಮ್ಮ. ಅದಕ್ಕೆ ಬೆಟ್ಟದ ಚಳಿ ಬೇಕು. ಇಲ್ಲಿ ನೆಟ್ರೆ ಬರೀ ಎಲೆ ಬರುತ್ತೆ."

ತಂದು ಹಿತ್ತಿಲ ಮಣ್ಣಿನಲ್ಲಿ ಹೊರಳಿಸಿ, ಮೊರದಲ್ಲಿ ಹರಡಿ ನೆರಳಿಗಿಟ್ಟೆ.

ಅಕ್ಕ ಬಂದವಳು ಮೊದಲು ಮೊರದ ಮುಂದೆ ಕೂತಳು. ಒಂದು ಎಸಳು ಬಿಡಿಸಿ ಮೂಸಿದಳು. "ಘಾಟು ಕಮ್ಮಿ ಅಲ್ವೇನೇ? ನೀರು ಒಂಚೂರು ಹೆಚ್ಚಾಯ್ತೇನೋ" ಎಂದಳು. ನಾನು ಕಾಫಿಗೆ ಹಾಲಿಟ್ಟು ಬರುತ್ತೇನೆಂದು ಎದ್ದೆ. ಹಿಂದಿನಿಂದ ಮಗಳಿಗೆ ಹೇಳುತ್ತಿದ್ದುದು ಕೇಳಿಸಿತು. "ಹೋಗ್ಲಿ, ಇಷ್ಟು ಕೆಲಸದ ಮಧ್ಯೆ ನೋಡ್ಕೊಂಡಿದಾಳಲ್ಲ. ನಿಮ್ಮ ಚಿಕ್ಕಮ್ಮ ಬೆಳೆದಿದ್ದು ಕಣೇ, ಬಾಯಿತುಂಬ ತಿನ್ನು."

ಹೆರಿಗೆ ಸುಸೂತ್ರವಾಯಿತು. ಮಗುವಿಗೆ ಹಾಲಿಗೇನೂ ಕೊರತೆಯಾಗಲಿಲ್ಲ. ಇನ್ನೇನು, ತಪ್ಪು ತಾನಾಗಿ ಮುಚ್ಚಿಹೋಯಿತು ಎಂದುಕೊಂಡೆ. ಆದರೆ ಅಕ್ಕ ಎಂದಿನಂತೆ ಒಳ್ಳೆಯ ಗೆಡ್ಡೆಗಳನ್ನು ಬೀಜಕ್ಕೆ ಎತ್ತಿಟ್ಟಿದ್ದಳು. ದೀಪಾವಳಿ ಕಳೆದ ಮೇಲೆ ಅವಳು ಊರುತ್ತಾ ಹೋದಳು, ನಾನು ಹಿಂದಿನಿಂದ ನೀರು ಚಿಮುಕಿಸುತ್ತಾ ಹೋದೆ. ಬರುವುದಿಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಒಂದೊಂದು ಎಸಳಿಗೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತಿರುವಾಗಲೇ ಸಾಲು ಮುಗಿಯಿತು.

ಎಲೆ ಸೊಂಪಾಗಿ ಬಂತು. ಕಿತ್ತರೆ ಬುಡದಲ್ಲಿ ಏನೂ ಇಲ್ಲ. ಕೆಲವಕ್ಕೆ ಮಾತ್ರ ಗೋಲಿಯಷ್ಟು ಒಂಟಿ ಗುಂಡು. ಅಕ್ಕ ಆ ಗುಂಡುಗಳನ್ನೇ ಕಾಪಾಡಿ, ಮಣ್ಣಿಗೆ ಹೊಸ ಗೊಬ್ಬರ ಕೊಟ್ಟು, ಮರುವರ್ಷ ಮತ್ತೆ ಊರಿದಳು. ಆಗಲೂ ಅಷ್ಟೇ. ಗುದ್ದಲಿಯನ್ನು ಗೋಡೆಗೆ ಒರಗಿಸಿ, ಮಣ್ಣಾದ ತನ್ನ ಅಂಗೈಗಳನ್ನು ನೋಡಿಕೊಂಡು ಹೇಳಿದಳು.

"ಅಮ್ಮನ ಬೀಜ ನನ್ನ ಕೈಯಲ್ಲೇ ಮುಗೀತು. ಕೈಗುಣ ಹೋಯ್ತು ಕಣೇ ನಂದು."

"ಮಣ್ಣು ಸರಿಯಿಲ್ಲ ಅಕ್ಕ, ಬಿಡು" ಎಂದೆ. ಅದು ಕೂಡ ಸುಳ್ಳೇ.

ಆಮೇಲೆ ಅವಳು ಹಿತ್ತಿಲಿಗೆ ಬಟ್ಟೆ ಒಗೆಯಲಷ್ಟೇ ಹೋಗುತ್ತಿದ್ದಳು. ಈ ಸಲದ ಯುಗಾದಿಯ ನಂತರ ಎದುರು ಮನೆಯವರು ಹೊಸ ಮನೆ ಕಟ್ಟಿ ಮುಗಿಸಿದರು. ಆ ಮನೆಯಾಕೆ ಬಂದು ಬಾಗಿಲಲ್ಲೇ ನಿಂತು, "ಅಕ್ಕಾವ್ರೇ, ತೆಂಗಿನ ಸಸಿ ತಂದಿದೀವಿ. ಗುಂಡಿನೂ ತೆಗ್ಸಿ ಆಯ್ತು. ನಿಮ್ಮ ಕೈಯಲ್ಲೇ ಇಡಿಸ್ಬೇಕು, ಬನ್ನಿ" ಎಂದರು.

ಅಕ್ಕ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ನನ್ನ ಕೈ ಬೇಡಮ್ಮ. ಹೊಸ ಮನೆ, ಬೆಳೆಯೋ ಮಕ್ಕಳಿದಾರೆ. ಒಳ್ಳೆ ಕೈ ಇರೋರ ಹತ್ರ ಇಡಿಸಿ."

ಆಕೆ ಅಕ್ಕನ ಮುಖ ನೋಡಿ ವಾಪಸು ಹೋದರು. ನಾನು ಹೊಲಿಯುತ್ತಿದ್ದ ತೋಳನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದೆ. ಅಕ್ಕ ಅಡುಗೆಮನೆಯಲ್ಲಿ ಅಕ್ಕಿ ಆರಿಸಲು ಕೂತಿದ್ದಳು. ಎದುರಿಗೆ ಕೂತೆ.

"ಅಕ್ಕ, ನೀನು ನೆಟ್ಟಿದ್ದು ಅಮ್ಮನ ಬೀಜ ಅಲ್ಲ. ಮಾರ್ಕೆಟ್ಟಿಂದು, ಊಟಿದು. ಇಲ್ಲಿ ಬರಲ್ಲ ಅಂತ ಅಂಗಡಿಯವನು ಹೇಳಿದ್ದ. ಅಮ್ಮಂದನ್ನ ನಾನು ನೀರು ಸುರ್ದು ಕೊಳೆಸಿಬಿಟ್ಟೆ."

ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. ಬೈಯುತ್ತಾಳೆಂದು ಕಾದೆ. ಅವಳು ತಲೆಯೆತ್ತದೆಯೇ ಕೇಳಿದಳು.

"ನಾನು ಊರ್ತಿದ್ದಾಗ ಹಿಂದೇನೇ ಇದ್ದೆ ಅಲ್ವಾ ನೀನು?"

"ಇದ್ದೆ."

"ಎರಡು ವರ್ಷಾನೂ?"

"ಎರಡು ವರ್ಷಾನೂ."

ಅವಳು ಕಣ್ಣೆತ್ತಿ ನನ್ನನ್ನು ನೋಡಿದಳು. ಏಳಬೇಕೆನ್ನಿಸಿತು. ಏಳಲಿಲ್ಲ.

"ತಪ್ಪಾಯ್ತು ಅಕ್ಕ" ಎಂದೆ. "ಅಮ್ಮನ ಬೀಜ ಹಾಳು ಮಾಡಿದ್ದು ತಪ್ಪು. ನಿನ್ನ ಕೈಯನ್ನ ನೀನೇ ಬೈಕೋತಿದ್ರೂ ನೋಡ್ಕೊಂಡು ಸುಮ್ನಿದ್ದಿದ್ದು ಅದಕ್ಕಿಂತ ದೊಡ್ಡ ತಪ್ಪು. ನಿನ್ನ ಕೈಗೆ ಏನೂ ಆಗಿಲ್ಲ. ನನ್ನ ಕ್ಷಮಿಸು."