ಹಕ್ಕಿಗಳ ದ್ವೀಪದಲ್ಲಿ ಕೊಟ್ಟೆ ಕಡುಬು

ಹೊನ್ನಾವರದ ಎದುರಿನ ದ್ವೀಪದಲ್ಲಿ ನಮ್ಮ ಕೆಳದಿ ಅರಸರ ಕಾಲದ ಕೋಟೆಗೋಡೆ ಇದೆಯೆಂದು ಕೇಳಿ, ಸಾಗರದಿಂದ ತಮ್ಮನ ಜೊತೆ ನೋಡಲು ಬಂದೆ, ಮಕ್ಕಳೇ. ಗೋಡೆಯ ಸಂದುಸಂದಿನಲ್ಲೂ ಕಡಲಹಕ್ಕಿಗಳ ಗೂಡು. ಅವನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಲು ಒಬ್ಬ ಕಾವಲುಗಾರ. ಅವನ ಕಣ್ಣು ಮಾತ್ರ ನನ್ನ ಬಟ್ಟೆಗಂಟಿನ ಮೇಲೆಯೇ ಇತ್ತು. ಬುತ್ತಿಯ ಕೊಟ್ಟೆ ಕಡುಬಿಗೆ ಆಸೆಪಟ್ಟನೇನೋ ಎಂದು ಗಂಟನ್ನು ಸೆರಗಿನಡಿ ಮುಚ್ಚಿಕೊಂಡೆ.

ಮರಳಿ ದೋಣಿ ಹತ್ತುವಾಗ ಅವನು ಅಡ್ಡ ಬಂದ.

“ಅಮ್ಮ, ಗಂಟಿನಲ್ಲಿ ಮೊಟ್ಟೆ ಉಂಟಾ?”

ಅಲೆಯ ಸದ್ದಿನಲ್ಲಿ ನನಗೆ ಅದು ಕೊಟ್ಟೆ ಎಂದು ಕೇಳಿಸಿತು. “ಹೌದು, ಎರಡು ಉಳಿದಿದೆ” ಎಂದೆ.

“ಕದ್ದದ್ದಲ್ಲದೆ ಲೆಕ್ಕ ಬೇರೆ ಹೇಳ್ತೀರಾ? ಠಾಣೆಗೆ ನಡೀರಿ.”

“ಕದಿಯೋದೆಂತಕ್ಕೆ? ನಾನೇ ಬೇಯಿಸಿದ್ದು.”

“ಬೇಯಿಸಿಯೂ ಆಯ್ತಾ?”

ನನ್ನ ತಮ್ಮ ಗಂಟು ಬಿಚ್ಚಿದ. ಹಲಸಿನೆಲೆಯ ಕೊಟ್ಟೆಯೊಳಗೆ ಬೇಯಿಸಿದ ಕಡುಬನ್ನು ಕಂಡು ಕಾವಲುಗಾರ ನಾಚಿ, “ತಪ್ಪಾಯ್ತು ಅಮ್ಮ, ಹೋಗಿ ಬನ್ನಿ” ಎಂದ. ದೋಣಿಯೊಳಗೆ ಇಣುಕಲೂ ಇಲ್ಲ.

ಸ್ವಲ್ಪ ದೂರ ಬಂದ ಮೇಲೆ, ದೋಣಿಯವನ ಬುಟ್ಟಿಗೆ ಮುಚ್ಚಿದ್ದ ಬಟ್ಟೆ ಗಾಳಿಗೆ ಸರಿಯಿತು. ಒಣಹುಲ್ಲಿನ ಮೇಲೆ ಚುಕ್ಕೆಚುಕ್ಕೆಯ ಮೊಟ್ಟೆಗಳು. ಬೆಳಿಗ್ಗೆಯಿಂದ ಅಮ್ಮ ಅಮ್ಮ ಎನ್ನುತ್ತಿದ್ದ ದೋಣಿಯವನು ಆ ಬುಟ್ಟಿಯನ್ನು ನನ್ನ ಕಾಲ ಬಳಿಯೇ ಏಕೆ ಇಟ್ಟನೆಂದು ಆಗ ತಿಳಿಯಿತು: ಯಾರಾದರೂ ಕಂಡರೆ ನನ್ನ ಬುತ್ತಿಯೆಂದುಕೊಳ್ಳಲಿ ಎಂದು.

“ದೋಣಿ ತಿರುಗಿಸಪ್ಪ” ಎಂದೆ.

“ಎಂತಕ್ಕೆ ಅಮ್ಮ? ಕೊಟ್ಟೆ ಮರೆತ್ರಾ?”

“ಅಲ್ಲ, ಮೊಟ್ಟೆ.”

ಈ ಸಲ ಅಲೆಯ ಸದ್ದಿಗಿಂತ ಜೋರಾಗಿಯೇ ಹೇಳಿದೆ.