ಕಂಪ್ಯೂಟರಿನಿಂದ ಜಾತಕ ವಾಪಸು ತಂದದ್ದು

ಟೆಲಿಫೋನ್ ಡೈರೆಕ್ಟರಿಯಲ್ಲಿ ನನ್ನ ಹೆಸರು ಮೊದಲ ಸಲ ಅಚ್ಚಾದಾಗ ಆ ಪುಟದ ಮೂಲೆ ಮಡಿಸಿಟ್ಟು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದೆ. ಅದು ತೊಂಬತ್ತರ ದಶಕ. ಹಳೇ ಸ್ಕೂಟರು, ಮೊಪೆಡ್ಡುಗಳನ್ನು ಕೊಂಡು, ರಿಪೇರಿ ಮಾಡಿಸಿ, ಬಣ್ಣ ಹೊಡೆಸಿ ಮಾರುವ ವ್ಯಾಪಾರ ನನ್ನದು, ನಂಜನಗೂಡಿನಲ್ಲಿ. ಹುಲ್ಲಹಳ್ಳಿ ರಸ್ತೆಯಲ್ಲಿ ಮಾಲೀಕರು ಒಪ್ಪಿದ ಗೋಡೆಗಳ ಮೇಲೆಲ್ಲ ನೀಲಿ ಅಕ್ಷರದಲ್ಲಿ ನನ್ನ ನಂಬರು ಬರೆಸಿದ್ದೆ. ಒಪ್ಪದ ಒಂದೆರಡು ಗೋಡೆಗಳ ಮೇಲೂ ಇತ್ತು. ವ್ಯಾಪಾರಿ ನಾಲ್ಕು ಜನರ ಕಣ್ಣಿಗೆ ಬೀಳದೆ ಕೂತರೆ ನೊಣ ಹೊಡೆಯಬೇಕಾಗುತ್ತದೆ. ಇದು ನನಗೆ ಯಾರೂ ಹೇಳಿಕೊಟ್ಟ ಪಾಠವಲ್ಲ.

ಹೀಗೆ ನಂಬರು ಹಂಚಿಯೇ ಮೇಲೆ ಬಂದ ನಾನು ಮುಂದಿನ ದಶಕದಲ್ಲಿ ಇನ್ನೊಬ್ಬರ ನಂಬರನ್ನು ಲೋಕದ ಕಣ್ಣಿನಿಂದ ತೆಗೆಸಲು ಒದ್ದಾಡಬೇಕಾಯಿತು. ಅದು ನನ್ನ ಅಕ್ಕನ ಮಗಳ ಮೊಬೈಲ್ ನಂಬರು.

ಹುಡುಗಿ ತಿ. ನರಸೀಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಅಲ್ಲೇ ಒಂದು ಮಹಡಿ ಕೋಣೆಯಲ್ಲಿ ಜೊತೆಯ ಟೀಚರೊಬ್ಬರೊಂದಿಗೆ ಬಾಡಿಗೆಗಿದ್ದಳು. ಆ ವರ್ಷ ಮೂಗೂರಿನ ಒಂದು ಮನೆಯಿಂದ ಗಂಡಿನ ಕಡೆಯವರು ಅಕ್ಕನ ಮನೆಗೆ ಬಂದು ಅವಳನ್ನು ನೋಡಿಕೊಂಡು ಹೋದರು. ಹುಡುಗ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ. ಅವರು ಹೋದ ಮೇಲೆ ನಾನು ಅವಳನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ.

"ಹೆಂಗವ್ವ? ಒಪ್ಗೆನಾ?"

"ಮಾವ, ಆ ಹುಡುಗ ಏನು ಪಾಠ ಮಾಡ್ತೀರಿ ಅಂತ ಕೇಳಿದ್ರಲ್ಲ, ನಾನು ಹೇಳಿ ಮುಗಿಸೋ ತನಕ ಬಾಯಿ ಹಾಕಲಿಲ್ಲ. ಇದಕ್ಕೆ ಮುಂಚೆ ಬಂದೋರೆಲ್ಲ ಪ್ರಶ್ನೆನೂ ಅವರದೇ, ಉತ್ತರಾನೂ ಅವರದೇ."

ಅಷ್ಟು ಸಾಕಾಯಿತು ನನಗೆ. ಗಾಡಿ ಕೊಳ್ಳಲು ಬಂದವನು ಗೇರು ಹಾಕುವ ಮೊದಲು ಎಂಜಿನ್ ಸದ್ದಿಗೆ ಕಿವಿ ಕೊಟ್ಟರೆ ಅವನು ಗಾಡಿಯನ್ನು ಚೆನ್ನಾಗಿ ಇಟ್ಟುಕೊಳ್ಳುತ್ತಾನೆ.

ನಮ್ಮ ಕಡೆ ಒಂದು ಪದ್ಧತಿಯಿದೆ. ಹೆಣ್ಣಿಗೆ ಗಂಡು ಗೊತ್ತಾಯಿತೆಂದರೆ, ಅದುವರೆಗೆ ಎಲ್ಲೆಲ್ಲಿ ಅವಳ ಜಾತಕ ಕೊಟ್ಟಿರುತ್ತೇವೋ ಆ ಮನೆಗಳಿಗೆಲ್ಲ ಹೋಗಿ, ವೀಳ್ಯದೆಲೆ ಅಡಿಕೆ ಕೊಟ್ಟು, ಜಾತಕ ವಾಪಸು ತರಬೇಕು. ಆಮೇಲೆಯೇ ವೀಳ್ಯಶಾಸ್ತ್ರ, ಅಂದರೆ ನಿಶ್ಚಿತಾರ್ಥ. ಈಚೆಗೆ ಬಹಳ ಮನೆಗಳಲ್ಲಿ ಇದನ್ನು ಬಿಟ್ಟಿದ್ದಾರೆ. ಆದರೆ ಮೂಗೂರಿನ ಹುಡುಗನ ಅಜ್ಜಿ ಬಿಟ್ಟಿರಲಿಲ್ಲ. ಸೋದರಮಾವನಾದ್ದರಿಂದ ಆ ಕೆಲಸ ನನ್ನ ತಲೆಗೆ ಬಂತು. ಎಲ್ಲ ಮನೆ ಸುತ್ತಿ ಜಾತಕ ತಂದೆ. ಒಬ್ಬರು, "ಎಲ್ಲೋ ಕಳ್ದೋಯ್ತು ಕಣ್ರೀ" ಅಂದರು. ನಾನು ಜಗಲಿಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಉಡ್ಕಿ, ನಂಗೇನೂ ಅರ್ಜೆಂಟಿಲ್ಲ, ಊಟಾನೂ ಇಲ್ಲೇ" ಎಂದೆ. ಎರಡನೇ ಕಾಫಿ ಕೊಡುವ ಹೊತ್ತಿಗೆ ಜಾತಕ ಸಿಕ್ಕಿತು.

ಜಾತಕವೆಲ್ಲ ಬಂತು ಅಂದುಕೊಳ್ಳುವಷ್ಟರಲ್ಲಿ ಅಜ್ಜಿಯಿಂದ ಹೇಳಿಕೆ ಬಂತು: ಹೆಣ್ಣನ್ನು ಇನ್ನೂ ತೋರಿಸುತ್ತಿದ್ದೀರಂತೆ, ವೀಳ್ಯಶಾಸ್ತ್ರ ಮುಂದಕ್ಕೆ ಹಾಕಿ.

ವಿಚಾರಿಸಿದರೆ, ಯಾವ ಊರಿನವನೋ ಒಬ್ಬ ನರಸೀಪುರದಲ್ಲಿ ಹುಡುಗಿಯ ಕೋಣೆ ಹುಡುಕಿಕೊಂಡು ಬಂದು ಕೆಳಗಿನ ಹಿಟ್ಟಿನ ಗಿರಣಿಯಲ್ಲಿ ವಿಚಾರಿಸಿದ್ದ. ಗಿರಣಿಗೆ ರಾಗಿ ತಂದಿದ್ದ ಮೂಗೂರಿನ ಹೆಂಗಸೊಬ್ಬರು ಅದನ್ನು ಕೇಳಿಸಿಕೊಂಡಿದ್ದರು. ರಾಗಿ ಹಿಟ್ಟಾಗುವ ಮೊದಲೇ ಸುದ್ದಿ ಊರು ಸೇರಿತ್ತು. ಹುಡುಗಿಯನ್ನು ಕೇಳಿದರೆ, "ಒಬ್ಬರಲ್ಲ ಮಾವ, ಫೋನುಗಳೂ ಬರ್ತಾ ಇವೆ. ಕ್ಲಾಸಲ್ಲಿರುವಾಗ್ಲೂ ಬರುತ್ತೆ. ನಿಮ್ಮ ನಕ್ಷತ್ರ ಯಾವುದು ಅಂತಾರೆ" ಎಂದು ಅಳುಮುಖ ಮಾಡಿದಳು. ಅಳು ಫೋನಿಗಲ್ಲ. ಈ ಸಂಬಂಧ ತಪ್ಪಿಹೋಗುತ್ತದೆಂದು.

ಇದರ ಮೂಲ ನಮ್ಮ ಭಾವ. ಒಮ್ಮೆ ಮಗಳನ್ನು ನೋಡಲು ನರಸೀಪುರಕ್ಕೆ ಹೋದವರು ಬಸ್ ಸ್ಟ್ಯಾಂಡಿನ ಹತ್ತಿರದ ಸೈಬರ್ ಸೆಂಟರಿನಲ್ಲಿ ಅವಳ ವಿವರವನ್ನು ಇಂಟರ್‌ನೆಟ್ಟಿನ ಮದುವೆ ಜಾಲತಾಣಕ್ಕೆ ಹಾಕಿಸಿದ್ದರು. ಕೇಳಿದ್ದಕ್ಕೆ ನಿರಾಳವಾಗಿ ಒಪ್ಪಿಕೊಂಡರು.

"ಆಕ್ಸುದ್ರೆ ಏನಾಯ್ತು? ಲಗ್ನಪತ್ರಿಕೇಲಿ ಬರ್ಸೋ ಅಂಗೇ ಅಚ್ಚುಕಟ್ಟಾಗಿ ಬರ್ಸಿವ್ನಿ."

ಆ ಅಚ್ಚುಕಟ್ಟೇ ಕುತ್ತಾಗಿತ್ತು. ಲಗ್ನಪತ್ರಿಕೆಯಲ್ಲಿ ನಮ್ಮವರು ವಿಳಾಸ ಬರೆಸುವ ರೀತಿ ಗೊತ್ತೇ ಇದೆ. ಬರುವ ನೆಂಟರು ದಾರಿ ತಪ್ಪಬಾರದು. ಆದ್ದರಿಂದ ಭಾವ ಹುಡುಗಿಯ ಹೆಸರು, ಹೆತ್ತವರು, ಮೊಬೈಲ್ ನಂಬರಿನ ಜೊತೆಗೆ "ಬಸ್ ಸ್ಟ್ಯಾಂಡ್ ಹಿಂಭಾಗ, ಹಿಟ್ಟಿನ ಗಿರಣಿ ಮಹಡಿ, ಹೊರಗಡೆ ಮೆಟ್ಟಿಲು, ಸಂಜೆ ಸ್ಕೂಲು ಬಿಟ್ಟ ಮೇಲೆ ಸಿಗುತ್ತಾರೆ" ಎಂದೂ ಬರೆಸಿದ್ದರು. ಹೊರಗಡೆ ಮೆಟ್ಟಿಲು! ಕಳ್ಳನಿಗೂ ಇಷ್ಟು ವಿವರವಾಗಿ ಯಾರೂ ದಾರಿ ಹೇಳಿರಲಾರರು.

ನಾನು ಮೂಗೂರಿಗೆ ಹೋಗಿ ಅಜ್ಜಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹುಡುಗಿಯ ವಿವರ ಕಂಪ್ಯೂಟರಿನಲ್ಲಿದೆ, ಯಾರು ಬೇಕಾದರೂ ನೋಡಬಹುದು, ನಾವಾಗಿ ಯಾರಿಗೂ ತೋರಿಸುತ್ತಿಲ್ಲ ಎಂದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡರು.

"ಸರಿ ಕಣಪ್ಪ. ಎಲ್ಲಾ ಮನೇಯಿಂದ್ಲೂ ಈಸ್ಕೊಂಡು ಬಂದಿದ್ದೀಯೆ. ಆ ಕಂಪ್ಯೂಟ್ರು ಮನೇಯಿಂದ್ಲೂ ಈಸ್ಕೊಂಡು ಬಾ. ಆಮೇಕೆ ವೀಳ್ಯ."

"ಅಜ್ಜಿ, ಅದು ಮನೆ ಅಲ್ಲ..."

"ಕೊಟ್ಟೋರಿಗೆ ಈಸ್ಕೊಳಕೂ ಗೊತ್ತಿರ್ಬೇಕು ಕಣ್ಲಾ. ಓಗ್ಬುಟ್ಟು ಬಾ."

ವ್ಯಾಪಾರದಲ್ಲಿ ಎದುರಾಳಿಯ ಮಾತು ನ್ಯಾಯವಾಗಿದ್ದರೆ ಚೌಕಾಸಿ ಮಾಡಬಾರದು. ಎದ್ದು ಬಂದೆ.

ಮರುದಿನ ಹುಡುಗಿಯನ್ನೂ ಕರೆದುಕೊಂಡು ಸೈಬರ್ ಸೆಂಟರಿಗೆ ಹೋದೆ. ಅದರ ಮಾಲೀಕ ದಪ್ಪ ಕನ್ನಡಕದ, ನಿಧಾನ ಮಾತಿನ ಮನುಷ್ಯ. "ತೆಗೀಬೋದು ಸಾ, ಒಂದು ಬಟನ್ ಅಷ್ಟೆ" ಎಂದ. ಹುಡುಗಿ ತಡೆದಳು. ಅವಳು ತನ್ನ ಮೊಬೈಲ್ ನಂಬರನ್ನೇ ಹುಡುಕುವ ಪಟ್ಟಿಯಲ್ಲಿ ಟೈಪ್ ಮಾಡಿ ನೋಡಿದಳು. ನೀವೂ ಇದನ್ನು ಮೊದಲು ಮಾಡಿ. ಏನೇನು ಹೊರಗೆ ಹೋಗಿದೆ ಎಂದು ತಿಳಿಯದೆ ಬಾಗಿಲು ಹಾಕಿ ಪ್ರಯೋಜನವಿಲ್ಲ. ನೋಡಿದರೆ, ಮದುವೆ ಜಾಲತಾಣವಲ್ಲದೆ ಇನ್ನೂ ಎರಡು ಕಡೆ ಅವಳಿದ್ದಳು. ಅವು ಜನರನ್ನು ಹುಡುಕಿಕೊಡುತ್ತೇವೆ ಎನ್ನುವ ತಾಣಗಳು. ಯಾವ ಊರಿನಲ್ಲಿ ಯಾರಿದ್ದಾರೆ, ನಂಬರೇನು, ವಿಳಾಸವೇನು ಎಂದು ಅಲ್ಲಿ ಇಲ್ಲಿ ಎತ್ತಿಕೊಂಡು ತಮ್ಮ ಅಂಗಡಿಯಲ್ಲಿ ಜೋಡಿಸಿಟ್ಟುಕೊಳ್ಳುವವರು. ಭಾವನ ಹೊರಗಡೆ ಮೆಟ್ಟಿಲು ಎರಡು ಕಡೆಯೂ ಇತ್ತು.

"ನಮ್ಮನ್ನ ಒಂದು ಮಾತು ಕೇಳ್ದೆ ಎತ್ಕೊಂಡವ್ರಲ್ಲ!" ಎಂದೆ.

"ನಾನೂ ಆ ಕಡೇಯೋನೇ, ನೀವು ಉಲ್ಲಳ್ಳಿ ರಸ್ತೇಲಿ ಎಲ್ಲಾ ಗೋಡೆಯೋರ್ನೂ ಕೇಳಿ ನಂಬರು ಬರ್ಸಿದ್ರಾ ಸಾ?" ಎಂದ ಮಾಲೀಕ, ಕನ್ನಡಕ ಒರೆಸಿಕೊಳ್ಳುತ್ತಾ. ಹುಡುಗಿ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದರಿಂದ ಆ ಒಂದು ಏಟನ್ನು ಅವನಿಗೇ ಬಿಟ್ಟುಕೊಟ್ಟೆ.

ಆ ಎರಡರಲ್ಲಿ ಮೊದಲನೇ ತಾಣದ ಪುಟದ ತಳದಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ವಿವರ ತೆಗೆಸುವ ದಾರಿ ಬರೆದಿತ್ತು. ಬೇಕಾದದ್ದನ್ನು ತಳದಲ್ಲಿ ಬಚ್ಚಿಡುವುದು ಎಲ್ಲ ಅಂಗಡಿಯವರ ಬುದ್ಧಿ, ಹಾಗಾಗಿ ಯಾವಾಗಲೂ ತಳದಿಂದ ಓದಿಕೊಂಡು ಬನ್ನಿ. ಅವರು ಗುರುತಿನ ಚೀಟಿಯ ನಕಲು ಕಳಿಸಿ ಎಂದಿದ್ದರು. ಒಂದು ವಿವರ ತೆಗೆಯಲು ಇನ್ನೊಂದು ವಿವರ ಕೊಡಬೇಕಂತೆ! ಹುಡುಗಿ ಹೆಸರು ಮಾತ್ರ ಕಾಣುವ ಹಾಗೆ ಚೀಟಿಯ ಉಳಿದ ಭಾಗದ ಮೇಲೆ ಕಾಗದದ ಪಟ್ಟಿ ಇಟ್ಟು ನಕಲು ತೆಗೆಸಿ ಕಳಿಸಿದಳು. ಆ ವಾರದಲ್ಲೇ ಅಲ್ಲಿಂದ ಹೆಸರು ಹೋಯಿತು.

ಎರಡನೆಯವರು ದುಡ್ಡು ಕೇಳಿದರು. ನಿಮ್ಮ ಗುಟ್ಟು ಕಾಪಾಡಲು ನಮ್ಮಲ್ಲಿ ಸದಸ್ಯರಾಗಿ ಎಂದು ಉತ್ತರ ಬಂತು. ಎತ್ತಿಕೊಂಡು ಹೋದವನಿಗೆ ವಾಪಸು ಕೊಡಲು ಕೂಲಿ ಕೊಟ್ಟರೆ ನಾಳೆ ಅವನ ತಮ್ಮ ಬರುತ್ತಾನೆ. ಕೊಡಬೇಡಿ. ನಾನೂ ಕೊಡಲಿಲ್ಲ. ಆದರೆ ಮುಂದೇನು ಮಾಡುವುದೆಂದು ತೋಚಲಿಲ್ಲ. ಆಗ ನನಗೆ ಒಂದು ಅನುಮಾನ ಬಂತು.

"ಈ ಎರಡನೇಯೋನು ಒಂದ್ಸಲ ಎತ್ಕೊಂಡು ಸುಮ್ನಾಗ್ತಾನೋ, ಮತ್ತೆ ಮತ್ತೆ ಬಂದು ನೋಡ್ತಾನೋ?" ಎಂದು ಮಾಲೀಕನನ್ನು ಕೇಳಿದೆ.

"ಬತ್ತಾ ಇರ್ತಾನೆ ಸಾ. ಮೂಲದಲ್ಲಿ ಬದ್ಲಾದ್ರೆ ಅಲ್ಲೂ ಬದ್ಲಾಯ್ತದೆ."

"ಅಂಗಾದ್ರೆ ಈಗ್ಲೇ ಅಳಿಸ್ಬ್ಯಾಡ. ಮದ್ವೆ ತಾಣದಲ್ಲಿ ವಿಳಾಸ ಎಲ್ಲಾ ತೆಗ್ದು ನಂಜನಗೂಡು ಅಂತ ಮಾತ್ರ ಹಾಕು. ಹೆಸರಿನ ಜಾಗಕ್ಕೆ ಒಂದೇ ಒಂದಕ್ಷರ. ಫೋಟೋ ತೆಗಿ. ನಂಬರು ನನ್ನ ಅಂಗ್ಡೀದು ಹಾಕು."

ಮೂಲವನ್ನೇ ಅಳಿಸಿದ್ದರೆ ನಕಲಿನಲ್ಲಿ ಹಳೇ ವಿವರ ಹಾಗೇ ಕೂತಿರುತ್ತಿತ್ತು. ಬದಲಾಯಿಸಿದ್ದರಿಂದ ಸ್ವಲ್ಪ ದಿನದಲ್ಲಿ ನಕಲೂ ಬದಲಾಯಿತು. ಹುಡುಗಿಯ ಫೋನು ತಣ್ಣಗಾಗಿ, ನನ್ನ ಅಂಗಡಿಯ ಫೋನು ಬಡಿದುಕೊಳ್ಳತೊಡಗಿತು.

"ಹೆಣ್ಣಿನ ಕಡೆಯವ್ರಾ?" ಎಂದರು ಕೊಳ್ಳೇಗಾಲದ ಕಡೆಯ ಒಬ್ಬರು.

"ಹೌದು ಸ್ವಾಮಿ. ಹೆಣ್ಣು ಗೊತ್ತಾಗೋಯ್ತು. ನಿಮ್ಮ ಹುಡುಗ ಕೆಲ್ಸಕ್ಕೆ ಹೆಂಗೋಗ್ತಾನೆ?"

"ಬಸ್ಸಲ್ಲಿ. ಯಾಕೆ?"

"ಬಸ್ಸಲ್ಲಿ ಓಡಾಡೋ ಗಂಡಿಗೆ ಹೆಣ್ಣು ಸಿಗೋದು ತಡ. ಒಂದು ಒಳ್ಳೇ ಸ್ಕೂಟರ್ ಬಂದದೆ, ಬಂದು ನೋಡ್ಕೊಂಡೋಗಿ."

ಬಂದರು. ಕೊಂಡರು. ಹುಡುಗನಿಗೆ ಹೆಣ್ಣು ಸಿಕ್ಕಿತೋ ಇಲ್ಲವೋ ತಿಳಿಯದು, ಗಾಡಿಯ ಬಗ್ಗೆ ದೂರು ಬರಲಿಲ್ಲ.

ಎರಡನೇ ತಾಣದಲ್ಲೂ ಅವಳ ಗುರುತು ಉಳಿಯಲಿಲ್ಲ ಎಂದು ಖಾತ್ರಿಯಾದ ಮೇಲೆ, ಕೊನೆಯದಾಗಿ ಮೂಲವನ್ನೇ ಅಳಿಸಲು ನಾವಿಬ್ಬರೂ ಮತ್ತೆ ಸೈಬರ್ ಸೆಂಟರಿಗೆ ಹೋದೆವು. ಆ ಮಾಲೀಕ ಸುತ್ತಮುತ್ತಲ ಊರುಗಳ ಗಂಡು ಹೆಣ್ಣುಗಳನ್ನೆಲ್ಲ ತನ್ನ ಒಂದೇ ಖಾತೆಯಿಂದ ಹಾಕಿಕೊಟ್ಟಿದ್ದ. ಖಾತೆ ತೆರೆದಾಗ ಮುಖಗಳು ಸಾಲಾಗಿ ಬಂದವು. ಹುಡುಗಿ ಒಂದರ ಮೇಲೆ ಬೆರಳಿಟ್ಟಳು.

"ಮಾವ, ಇವರಲ್ವಾ?"

ಮೂಗೂರಿನ ನಮ್ಮ ಹುಡುಗನೇ. ಕ್ರಾಪು ತಿದ್ದಿಕೊಂಡು ನಗುತ್ತಿದ್ದ. ಕೆಳಗೆ ಸಂಬಳ, ಫೋನು, ವಿಳಾಸ, "ಸೂಕ್ತ ಕನ್ಯೆಯ ಹುಡುಕಾಟದಲ್ಲಿದ್ದಾರೆ" ಎಂಬ ಒಕ್ಕಣೆ.

ನನ್ನೊಳಗಿನ ವ್ಯಾಪಾರಿ ಎದ್ದು ಕೂತ. ಇಂಥ ತುರುಪು ಕೈಗೆ ಸಿಕ್ಕರೆ ಅಜ್ಜಿಯ ಬಾಯಿಯನ್ನು ಒಂದೇ ಏಟಿಗೆ ಮುಚ್ಚಿಸಬಹುದು. ಆದರೆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಇವರು ಇನ್ನೂ ಹುಡುಕುತ್ತಿದ್ದಾರೋ ಏನೋ ಎಂಬ ಯೋಚನೆ ಅವಳದು.

"ಜಗಳ ಆಡ್ಬೇಡಿ ಮಾವ. ಕೇಳಿ ಅಷ್ಟೆ. ಇವತ್ತು ನಂದನ್ನೂ ಅಳಿಸೋದು ಬೇಡ. ಅವರು ಏನಂತಾರೋ ನೋಡೋಣ."

ಆ ಪುಟವನ್ನು ಅಚ್ಚು ಹಾಕಿಸಿಕೊಂಡು ಮೂಗೂರಿಗೆ ಹೋದೆ. ಅಜ್ಜಿಗೆ ಓದು ಬಾರದು, ಮೊಮ್ಮಗನ ಮುಖ ಮಾತ್ರ ಗುರುತು ಹಿಡಿದರು.

"ಇದ್ಯಾಕ್ಲಾ ನಮ್ ಹೈದ ಇಲ್ಲಿ ಅವ್ನೆ?"

"ಅವರೂ ಕಂಪ್ಯೂಟ್ರು ಮನೇಲೇ ಅವ್ರೆ ಅಜ್ಜಿ. ಹೆಣ್ಣು ಉಡುಕ್ತಾ ಅವ್ರೆ ಅಂತ ಬರ್ದದೆ."

ಅಜ್ಜಿ ಒಳಗೆ ಕೂಗಿದರು. ಹುಡುಗ ಕೈ ತೊಳೆಯದೆ ಊಟದಿಂದ ಎದ್ದು ಬಂದ. ಹಾಳೆ ನೋಡಿ ಕಿವಿವರೆಗೂ ಕೆಂಪಾದ.

"ಅಪ್ಪ ಹೋದ್ವರ್ಷ ಹಾಕ್ಸಿದ್ದು ಕಣಜ್ಜಿ. ಇನ್ನೂ ಅದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಅವರು ನೋಡಿದ್ರಾ?" ಎಂದ.

"ಅವಳೇ ನೋಡಿದ್ದು."

"ನಾನು ಉಡುಕ್ತಾ ಇಲ್ಲ ಅಂತ ಹೇಳಿ. ಅಲ್ಲ, ನಾನೇ ಹೇಳ್ತೀನಿ."

ಅಜ್ಜಿ ಬಹಳ ಹೊತ್ತು ಎಲೆ ಅಗಿದರು. ಗಂಡಿನ ಜಾತಕ ವಾಪಸು ತರುವ ಪದ್ಧತಿ ಯಾವ ಮನೆಯಲ್ಲೂ ಇಲ್ಲ. ಯಾರೂ ಕೇಳುವುದೂ ಇಲ್ಲ. ನಾನೂ ಬಾಯಿ ಬಿಡಲಿಲ್ಲ. ಬೆಲೆ ಹೇಳಿಯಾದ ಮೇಲೆ ಮೊದಲು ಮಾತಾಡಿದವನೇ ಸೋಲುವುದು.

"ನಾನು ಎಣ್ಣಿಗೆ ಒಂದು ನ್ಯಾಯ, ಗಂಡಿಗೆ ಒಂದು ನ್ಯಾಯ ಅಂತ ಕೂತ್ಕಂಡ್ರೆ ನಾಳೀಕ್ ಆ ಮಗೀನ ಮುಖ ಎಂಗ್ಲಾ ನೋಡ್ಲಿ?" ಎಂದರು ಕೊನೆಗೆ. "ನಡೀರ್ಲಾ. ಇಬ್ರುದೂ ಒಟ್ಗೇ ಈಸ್ಕಳವ. ನಾನೂ ಬತ್ತೀನಿ."

ಆ ಶನಿವಾರ ಮಧ್ಯಾಹ್ನ ಅಜ್ಜಿ, ಹುಡುಗ ಬಸ್ಸಿನಲ್ಲಿ ನರಸೀಪುರಕ್ಕೆ ಬಂದರು. ಅಜ್ಜಿ ಚೀಲದಿಂದ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ತೆಗೆದು ಸೈಬರ್ ಸೆಂಟರಿನ ಮಾಲೀಕನಿಗೆ ಕೊಟ್ಟರು. ಅವನು ಗಾಬರಿಯಿಂದ ಎದ್ದು ಕುರ್ಚಿಯ ಹತ್ತಿರವೇ ಚಪ್ಪಲಿ ಬಿಟ್ಟು ತೆಗೆದುಕೊಂಡ. ಹುಡುಗಿ ತನ್ನ ವಿವರ ಅಳಿಸುವ ಬಟನ್ ಒತ್ತಿದಳು. ಹುಡುಗ ತನ್ನದನ್ನು ಒತ್ತಿದ. ನಿಜವಾಗಿಯೂ ಅಳಿಸಬೇಕೇ ಎಂದು ಕಂಪ್ಯೂಟರು ಮತ್ತೊಮ್ಮೆ ಕೇಳಿತು. ಹುಡುಗ ಅದನ್ನು ಓದಿ ಹೇಳಿದಾಗ ಅಜ್ಜಿ, "ಈಗ್ ತಾನೆ ಹೇಳ್ಲಿಲ್ವಾ, ಕಿವುಡಾ ಅದ್ಕೆ?" ಎಂದು ರೇಗಿದರು.

"ಮತ್ತೆ ಎಲ್ಲಾದ್ರೂ ಕಾಣ್ಸುತ್ತಾ?" ಎಂದು ಅಜ್ಜಿ ನನ್ನನ್ನು ಕೇಳಿದರು.

"ಕಾಣ್ಸೋದಿಲ್ಲ ಅಂತ ಆಣೆ ಮಾಡಕಾಗಲ್ಲ ಅಜ್ಜಿ. ಆಗಾಗ ನೋಡ್ತಿರ್ಬೇಕು, ಕಂಡ್ರೆ ತೆಗೆಸ್ತಿರ್ಬೇಕು. ಕಳೆ ಕಿತ್ತ ಹಾಗೆ."

"ಅದೇ ಸರಿ. ಒಂದ್ಸಲ ಕಿತ್ರೆ ಮುಗೀತು ಅನ್ನೋನ್ನ ನಾನು ನಂಬಾಕಿಲ್ಲ." ಅಜ್ಜಿ ಹುಡುಗಿಯ ಕೈ ಹಿಡಿದರು. "ಬರೋ ಶುಕ್ರವಾರ ವೀಳ್ಯ ಇಟ್ಕಳವ ಕಣವ್ವ."

ಇನ್ನೂ ಎರಡು ವಾರ ಬೇಕು, ಅಡುಗೆಯವನನ್ನು ಹಿಡಿಯಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಹುಡುಗಿಯೇ ಬಾಯಿ ಬಿಟ್ಟಳು.

"ಶುಕ್ರವಾರ ಟೆಸ್ಟ್ ಇಟ್ಟಿದ್ದೀನಿ ಅಜ್ಜಿ. ಅದಕ್ಕೆ..."

ಅಜ್ಜಿ ನಡುವೆ ಬಾಯಿ ಹಾಕಲು ಹೋದರು. ಹುಡುಗ ಆ ಕಡೆಯಿಂದ, "ಅಜ್ಜಿ, ಅವರು ಮಾತು ಮುಗುಸ್ಲಿ" ಎಂದ.

"ಅದಾದ ಮೇಲಿನ ಭಾನುವಾರ ಇಟ್ಕೊಳೋಣ" ಎಂದು ಹುಡುಗಿ ಮುಗಿಸಿದಳು.