ದೊಡ್ಡಕ್ಕ ಹಾಕಿಸಿದ ಎರಡು

ಕ್ಯಾನ್ಸರ್ ವಾರ್ಡಿನ ಆಯಾಳನ್ನು ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಾಸಿಗೆ ಬಟ್ಟೆ ಬದಲಿಸುವುದು, ವಾಂತಿಯ ಬೇಸಿನ್ ಹಿಡಿಯುವುದು ಅವಳ ಸಂಬಳದ ಕೆಲಸ. ಹೆಮ್ಮೆ ಮಾತ್ರ ಬೇರೆಯದು. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿ ಮಲಗಿದವರು ಮನೆಯವರಿಗೂ ಹೇಳದ್ದನ್ನು ಅವಳ ಕಿವಿಗೆ ಹೇಳಿ ಹಗುರಾಗುತ್ತಿದ್ದರು.

ಆ ಹೆಮ್ಮೆಗೆ ಪಾಲು ಕೇಳಲು ಬಂದವಳು ಹೊಸ ಆಪ್ತಸಮಾಲೋಚಕಿ. ಇನ್ನೂ ಚಿಕ್ಕ ಹುಡುಗಿ. ಕೈಯಲ್ಲಿ ಕಾಗದದ ಕಟ್ಟು. ಪ್ರತಿ ಕಾಗದದ ಮೇಲೂ ಜ್ವರ ನೋಡುವ ಕಡ್ಡಿಯ ಚಿತ್ರ, ಸೊನ್ನೆಯಿಂದ ಹತ್ತರವರೆಗೆ ಗೆರೆ. ಕಳೆದ ವಾರ ಮನಸ್ಸಿಗೆ ಎಷ್ಟು ಸಂಕಟವಾಯಿತೋ ಆ ಗೆರೆಗೆ ರೋಗಿ ಗುರುತು ಹಾಕಬೇಕು. ನಾಲ್ಕು ಅಥವಾ ಅದಕ್ಕಿಂತ ಮೇಲೆ ಹಾಕಿದವರನ್ನು ಹುಡುಗಿ ಮೂಲೆಯ ಕೋಣೆಗೆ ಕರೆದು, ಬಾಗಿಲು ಹಾಕಿಕೊಂಡು ಮಾತಾಡಿಸುತ್ತಿದ್ದಳು.

"ಸಂಕಟ ನೋಡೋಕೂ ಕಡ್ಡಿ ಬಂತಾ? ಕಂಕುಳಲ್ಲಿ ಇಡೋದೋ, ನಾಲಿಗೆ ಕೆಳಗೋ?" ಎಂದಳು ದೊಡ್ಡಕ್ಕ.

ಹುಡುಗಿ ನಕ್ಕಳು. "ಕಾಗದ ನೀವೇ ಹಂಚಿ ದೊಡ್ಡಕ್ಕ. ನೀವು ಕೊಟ್ರೆ ಯಾರೂ ಬೇಡ ಅನ್ನಲ್ಲ."

ಆ ಹೊಗಳಿಕೆಯೂ ಚುಚ್ಚಿತು. ಮೊದಲ ವಾರವೇ ಹನ್ನೊಂದು ಜನ ಕೋಣೆಗೆ ಹೋಗಿಬಂದರು. ಒಬ್ಬ ಅಜ್ಜಿಯಂತೂ ಕಣ್ಣೊರೆಸಿಕೊಳ್ಳುತ್ತ, "ಆ ಮಗು ಎಷ್ಟು ಚೆನ್ನಾಗಿ ಕೇಳಿಸ್ಕೊಳ್ಳುತ್ತೆ!" ಎಂದಳು.

'ಹಾಗಾದ್ರೆ ನಾನೇನು ಇಷ್ಟು ವರ್ಷ ಕಿವಿಗೆ ಹತ್ತಿ ಇಟ್ಕೊಂಡಿದ್ನಾ?' ದೊಡ್ಡಕ್ಕನ ಹೊಟ್ಟೆಯಲ್ಲಿ ಕೆಂಡ ಬಿದ್ದಂತಾಯಿತು.

ಅಂದಿನಿಂದ ಕಾಗದ ಕೊಡುವಾಗ ಒಂದು ಮಾತು ಸೇರಿಸತೊಡಗಿದಳು. "ನಾನಿರುವಾಗ ನಿನಗೇನು ಸಂಕಟ? ಎರಡು ಹಾಕು, ಸಾಕು." ಹಾಕುತ್ತಿದ್ದರು. ಮೂಲೆಯ ಕೋಣೆ ಖಾಲಿ ಹೊಡೆಯತೊಡಗಿತು. ಹುಡುಗಿ ಒಬ್ಬಳೇ ಕುಳಿತು ಪೆನ್ನಿನ ಮುಚ್ಚಳ ಕಚ್ಚುವುದನ್ನು ನೋಡಿದಾಗಲೆಲ್ಲ ದೊಡ್ಡಕ್ಕನ ನಡಿಗೆ ಚುರುಕಾಗುತ್ತಿತ್ತು.

ಏಳನೆಯ ಹಾಸಿಗೆಯ ದರ್ಜಿಯೆಂದರೆ ಅವಳಿಗೆ ವಿಶೇಷ ಅಕ್ಕರೆ. ಎದೆಯ ಗಡ್ಡೆಗೆ ಮೂರು ವಾರಕ್ಕೊಮ್ಮೆ ಬಂದು ಔಷಧಿ ಏರಿಸಿಕೊಂಡು ಹೋಗುತ್ತಿದ್ದವಳು. ಐದನೆಯ ಸಲ ಬಂದಾಗ ಅಂಗಿಗೆ ಗುಂಡಿಯಿರಬೇಕಾದಲ್ಲಿ ಪಿನ್ನುಗಳಿದ್ದವು.

"ಊರವರಿಗೆಲ್ಲ ಹೊಲಿದು ಕೊಡ್ತೀಯ, ನಿನ್ನ ಅಂಗಿಗೆ ಗುಂಡಿ ಹಾಕೋ ಗತಿ ಇಲ್ವೇನೇ?"

ದರ್ಜಿ ನಕ್ಕಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹುಡುಗಿ ಅತ್ತಲೇ ಬರುವುದು ಕಾಣಿಸಿತು. ದೊಡ್ಡಕ್ಕ ಅವಸರದಲ್ಲಿ ಪೆನ್ನು ತುರುಕಿದಳು. "ಎರಡು ಹಾಕು." ಪೆನ್ನು ಬೆರಳಿನಿಂದ ಜಾರಿ ಬಿತ್ತು. ಎತ್ತಿಕೊಟ್ಟಳು. ಗುರುತು ಎರಡಕ್ಕೆ ಬಿತ್ತು.

ಆರನೆಯ ಸಲಕ್ಕೆ ದರ್ಜಿ ಬರಲೇ ಇಲ್ಲ.

ಹುಡುಗಿ ಆ ಕಾಗದ ಹಿಡಿದು ಬಂದಳು. "ಔಷಧಿ ಇನ್ನು ಬೇಡ ಅಂದು ಫೋನ್ ಇಟ್ಬಿಟ್ರು ದೊಡ್ಡಕ್ಕ. ಇಲ್ಲಿ ನೋಡಿದ್ರೆ ಎರಡು ಹಾಕಿದಾರೆ. ನಾನೇ ಎಲ್ಲೋ ಎಡವಿದ್ದೀನಿ."

ಒಂದು ಗಳಿಗೆ ದೊಡ್ಡಕ್ಕನಿಗೆ ಹಿತವೇ ಆಯಿತು. ಹುಡುಗಿ ತಪ್ಪನ್ನು ತಾನಾಗಿ ತಲೆಗೆ ಕಟ್ಟಿಕೊಳ್ಳುತ್ತಿದ್ದಳು, ಸುಮ್ಮನಿದ್ದರೆ ಸಾಕಿತ್ತು. ಆದರೆ ಕೆಳಗೆ ಬಿದ್ದ ಪೆನ್ನು ಕಣ್ಣ ಮುಂದೆ ಬಂತು.

"ಆ ಎರಡು ಅವಳದಲ್ಲ ಕಣಮ್ಮ, ನಂದು. ಕೊಡು ಫೋನು."

ಆ ಕಡೆ ದರ್ಜಿ ಫೋನ್ ಎತ್ತಿದಳು. ದೊಡ್ಡಕ್ಕನ ದನಿ ಕೇಳಿ ಹೇಳಿದಳು: "ಬೆರಳ ತುದಿ ಮರಗಟ್ಟಿ ಹೋಗಿದೆ ದೊಡ್ಡಕ್ಕ. ಸೂಜಿ ಹಿಡಿದಿದ್ದೇ ಗೊತ್ತಾಗಲ್ಲ. ಇನ್ನೊಂದು ಸಲ ಔಷಧಿ ಏರಿಸ್ಕೊಂಡ್ರೆ ಹೊಲಿಗೆ ಮುಗೀತು. ಅದೂ ಹೋದ್ಮೇಲೆ ನಾನು ಬದುಕಿ ಏನು ಮಾಡ್ಲಿ?"

"ನನಗೆ ಹೇಳ್ಬಾರದಿತ್ತೇನೇ?"

"ನೀವೇ ಎರಡು ಹಾಕು ಅಂದ್ರಲ್ಲ. ಜಾಸ್ತಿ ಹಾಕಿದ್ರೆ ಬೇಜಾರು ಮಾಡ್ಕೋತೀರಿ ಅಂತ..."

"ನಾಳೆ ಬಾ. ಬೆರಳು ಡಾಕ್ಟರಿಗೆ ತೋರಿಸೋಣ, ಔಷಧಿ ಬದಲಾಯಿಸೋಕಾಗುತ್ತಾ ಕೇಳೋಣ. ನಾನು ನಡುವೆ ಬಾಯಿ ಹಾಕಲ್ಲ, ನಿನ್ನ ಸಂಕಟ ನೀನೇ ಬರಿ."

ಮರುದಿನ ದರ್ಜಿ ಬಂದಳು. ಕಾಗದ ಕೊಟ್ಟು ದೊಡ್ಡಕ್ಕ ಗೋಡೆಯ ಕಡೆ ತಿರುಗಿ ನಿಂತಳು. ತಿರುಗಿ ನೋಡಿದರೆ ಒಂಬತ್ತು. ತಾನೇ ಕೈಹಿಡಿದು ಮೂಲೆಯ ಕೋಣೆಯವರೆಗೂ ಕರೆದೊಯ್ದಳು.

ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಿಕ್ಕಿಬಿಕ್ಕಿ ಅಳುವ ಸದ್ದು ಕೇಳಿತು. ತನ್ನ ಮುಂದೆ ಅವಳು ಒಮ್ಮೆಯೂ ಹೀಗೆ ಅತ್ತಿರಲಿಲ್ಲ. ಹೊಟ್ಟೆಯ ಕೆಂಡ ಮತ್ತೆ ನಿಗಿನಿಗಿ ಎಂದಿತು. ಅದನ್ನು ಆರಿಸೆಂದು ದೇವರನ್ನು ಕೇಳಲು ದೊಡ್ಡಕ್ಕನಿಗೆ ಮುಖವಿರಲಿಲ್ಲ. ಅವಳು ಹಗುರಾಗುವ ಮುನ್ನ ಬಾಗಿಲು ತೆರೆಯದಿರಲಿ ಎಂದಷ್ಟೇ ಕೇಳಿಕೊಂಡಳು. ಆಮೇಲೆ ಸ್ಟೂಲು ಎಳೆದುಕೊಂಡು, ನಡುವೆ ಯಾರೂ ಬಂದು ತಟ್ಟದಂತೆ, ಬಾಗಿಲಿಗೆ ಅಡ್ಡವಾಗಿ ಕುಳಿತಳು.